ಒಣ ಹೂಂ

ಕಥೆ ಹೇಳುವವರಿಗೆ ಬೇಕಾದದ್ದು ಕಲ್ಪನೆಯಲ್ಲ, ಎದುರಿಗೆ ಕೂತು ಹೂಂಗುಟ್ಟುವ ಒಬ್ಬ ಮನುಷ್ಯ. ಇದನ್ನು ಕಂಡುಹಿಡಿದವರು ನಮ್ಮ ಅಜ್ಜಿಯರು. ಪೇಟೆಂಟ್ ಪಡೆದವರು ತುಮಕೂರಿನ ಡಾಕ್ಟರ್ ಇಂದುಧರಯ್ಯನವರು. ಮನುಷ್ಯ ಎನ್ನುವ ಕಡೆ ಮಾತ್ರ ಅವರು ಸಣ್ಣದೊಂದು ತಿದ್ದುಪಡಿ ಮಾಡಿಕೊಂಡಿದ್ದರು.

ಅಷ್ಟು ಹೊತ್ತಿಗೆ ನಾಡಿನಲ್ಲಿ ಬರೆಯುವ ಕೆಲಸವೆಲ್ಲ ಯಂತ್ರಗಳ ಪಾಲಾಗಿ ಒಂದು ತಲೆಮಾರು ಕಳೆದಿತ್ತು. ರಜೆ ಚೀಟಿ, ಲಗ್ನಪತ್ರಿಕೆ, ಶ್ರದ್ಧಾಂಜಲಿ, ಪ್ರೇಮಪತ್ರ, ಆ ಪ್ರೇಮಪತ್ರಕ್ಕೆ ಬರುವ ಬೈಗುಳ, ಎಲ್ಲವನ್ನೂ ಅವೇ ಬರೆಯುತ್ತಿದ್ದವು, ಚೆನ್ನಾಗಿಯೇ ಬರೆಯುತ್ತಿದ್ದವು. ತೊಂದರೆ ಎದ್ದದ್ದು ಬೇರೆ ಕಡೆಯಿಂದ. ನಿನ್ನೆ ಬಸ್ಸಿನಲ್ಲಿ ಏನಾಯಿತು ಎಂದು ಕೇಳಿದರೆ ನಾಲ್ಕನೇ ಕ್ಲಾಸಿನ ಮಕ್ಕಳು "ಏನೋ ಆಯ್ತು" ಎಂದು ಸುಮ್ಮನಾಗುತ್ತಿದ್ದರು. ಆಮೇಲೆ ಏನಾಯಿತು ಎಂದರೆ ಅಳುತ್ತಿದ್ದರು. ಒಂದಾದ ಮೇಲೆ ಒಂದನ್ನು ಜೋಡಿಸಿ ಹೇಳುವ ಶಕ್ತಿಯೇ ಮಕ್ಕಳಲ್ಲಿ ಸತ್ತುಹೋಗಿದೆ ಎಂದು ತಜ್ಞರ ಸಮಿತಿ ವರದಿ ಕೊಟ್ಟಿತು. ಆ ವರದಿಯನ್ನೂ ಯಂತ್ರವೇ ಬರೆದಿತ್ತು, ಅದು ಬೇರೆ ಮಾತು. ಸರ್ಕಾರ ಗಾಬರಿಬಿದ್ದು ಒಂದು ನಿಯಮ ತಂದಿತು: ಪ್ರತಿ ಮಗುವೂ ಪೆನ್ಸಿಲ್ ಹಿಡಿದು ಒಂದು ಸ್ವಂತ ಕಥೆ ಬರೆಯಬೇಕು. ಬರೆಯದವರಿಗೆ ಐದನೇ ಕ್ಲಾಸಿಲ್ಲ.

ಅಪ್ಪ ಅಮ್ಮಂದಿರು ಕಂಗಾಲಾದರು. ಬೀದಿಬೀದಿಗೂ ಕಲ್ಪನಾ ಟ್ಯುಟೋರಿಯಲ್‌ಗಳು ಎದ್ದವು. ಅಲ್ಲಿ ಒಂದು ನರಿ, ಒಂದು ಬಾವಿ, ಒಂದು ನೀತಿಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಮೊದಲ ವರ್ಷದ ಪರೀಕ್ಷೆಯಲ್ಲಿ ಜಿಲ್ಲೆಯ ಅಷ್ಟೂ ನರಿಗಳು ಒಂದೇ ಬೆಳಗ್ಗೆ ಬಾವಿಗೆ ಬಿದ್ದವು.

ಇಂಥ ಹೊತ್ತಿನಲ್ಲಿ ಇಂದುಧರಯ್ಯನವರ ಪ್ರಯೋಗಾಲಯದಿಂದ ಹೊರಬಂದದ್ದು 'ಹೂಂಗುಟ್ಟಿ'. ಹುಣಸೆಬೀಜದಷ್ಟು ಗಾತ್ರ, ಮಗುವಿನ ಕಾಲರಿಗೆ ಸಿಕ್ಕಿಸಬೇಕು. ಜೊತೆಗೆ ಪೆನ್ಸಿಲಿಗೊಂದು ತೆಳು ಉಂಗುರ. ಮಕ್ಕಳು ಬರೆಯುವಾಗ ಬಾಯಲ್ಲಿ ಗುನುಗುತ್ತಾರಲ್ಲ, ಅದನ್ನು ಬೀಜ ಕೇಳಿಸಿಕೊಳ್ಳುತ್ತದೆ. ಪೆನ್ಸಿಲ್ ಓಡುತ್ತಿದೆಯೋ ತಡವರಿಸುತ್ತಿದೆಯೋ ಎಂಬುದನ್ನು ಉಂಗುರ ತಿಳಿಸುತ್ತದೆ. ಮಗು ಒಂದು ಮಾತು ಮುಗಿಸಿದಾಗ ಬೀಜ ಹೂಂ ಎನ್ನುತ್ತದೆ. ಅಷ್ಟೇ. "ಒಂದೇ ಒಂದು ಪದವನ್ನೂ ನಾವು ಕೊಡೋದಿಲ್ಲ," ಎಂದು ಇಂದುಧರಯ್ಯನವರು ಹೋದಲ್ಲೆಲ್ಲ ಎದೆ ಮುಟ್ಟಿಕೊಂಡು ಹೇಳುತ್ತಿದ್ದರು. ಅದು ನಿಜವೂ ಆಗಿತ್ತು. ಆದ್ದರಿಂದಲೇ ಸರ್ಕಾರ ಒಪ್ಪಿತು.

ಆ ಹೂಂಗಳನ್ನು ಒಟ್ಟುಮಾಡಿದವಳು ಸಿಂಚನಾ. ಶಿರಾ, ಪಾವಗಡ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಇನ್ನೂ ಕಥೆ ಹೇಳುತ್ತಿದ್ದ ಮುದುಕಿಯರನ್ನು ಹುಡುಕಿ, ಅವರ ಕಥೆಯನ್ನಲ್ಲ, ಎದುರಿಗೆ ಕೂತವರ ಹೂಂಕಾರವನ್ನು ಧ್ವನಿಮುದ್ರಿಸಿಕೊಂಡು ಬಂದಿದ್ದಳು. ಮುದುಕಿಯರಿಗೆ ಇದು ಅರ್ಥವಾಗಿರಲಿಲ್ಲ. "ಅಡಿಗೆ ಬಿಟ್ಟು ಎಲೆ ಎತ್ಕೊಂಡು ಹೋಗ್ತಾಳಲ್ಲೇ ಇವ್ಳು," ಎಂದು ಒಬ್ಬಾಕೆ ನಕ್ಕಿದ್ದಳಂತೆ. ಸಾವಿರಾರು ಹೂಂಗಳನ್ನು ಸೋಸಿ ಕೊನೆಗೆ ಉಳಿದವು ಮೂರು ಜಾತಿ. ಅವಕ್ಕೆ ಹೆಸರಿಟ್ಟವನು ಪಕ್ಕದ ಮೇಜಿನ ತನ್ವೀರ್. ಕಥೆ ಓಡುತ್ತಿದ್ದರೆ ಹುರುಪಿನಿಂದ ಬರುವುದು ತುಪ್ಪದ ಹೂಂ. ಮುಂದೇನು ಎಂದು ಎಳೆಯುವುದು ಕೊಕ್ಕೆ ಹೂಂ. ಕೇಳುವವರಿಗೆ ಬೇಜಾರಾದಾಗ ಮೂಗಿನಿಂದ ಬೀಳುವುದು ಒಣ ಹೂಂ.

ಹೂಂಗುಟ್ಟಿ ಸಾವಿರಾರು ಮಕ್ಕಳ ಕಾಲರಿಗೆ ಹತ್ತಿದ ಮೊದಲ ತಿಂಗಳಲ್ಲೇ ಮಕ್ಕಳು ಪುಟಗಟ್ಟಲೆ ಬರೆಯತೊಡಗಿದರು. ಪ್ರಯೋಗಾಲಯದ ಗೋಡೆಯಷ್ಟಗಲದ ಪರದೆಯ ಮೇಲೆ, ಓಡುವ ಪ್ರತಿ ಪೆನ್ಸಿಲಿಗೂ ಒಂದು ಹಸಿರು ಗೆರೆ. ಸಂಜೆ ಹೋಂವರ್ಕಿನ ಹೊತ್ತಿಗೆ ಅದು ನಾಟಿ ಮುಗಿದ ಗದ್ದೆಯಂತೆ ಕಾಣುತ್ತಿತ್ತು. ಇಂದುಧರಯ್ಯನವರು ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತಿದ್ದರು.

ಸಿಂಚನಾಳ ಮನೆಯ ಕಥೆಯೇ ಬೇರೆ.

ಅವಳ ಗಂಡ ಗಗನ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಜೊತೆಯಲ್ಲಿ ಅತ್ತೆ ರೋಶಿನಿ. ಹಳೇ ಕಾಲದ ಹೆಸರುಗಳು ಮತ್ತೆ ಫ್ಯಾಶನ್ನಿಗೆ ಬಂದ ವರ್ಷ ಹುಟ್ಟಿದ್ದರಿಂದ ಮಗಳ ಹೆಸರು ಪುಟ್ಟತಾಯಿ. ಅಜ್ಜಿ ರೋಶಿನಿ, ಮೊಮ್ಮಗಳು ಪುಟ್ಟತಾಯಿ ಎಂದರೆ ಆಗ ಯಾರೂ ನಗುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಹಾಗೇ ಇತ್ತು.

ಆ ಶನಿವಾರ ಸಿಂಚನಾ ಪ್ರಯೋಗಾಲಯದಲ್ಲಿದ್ದಳು, ರೋಶಿನಿ ತಿಪಟೂರಿನ ತಂಗಿ ಮನೆಗೆ ಹೋಗಿದ್ದರು. ಸಂಜೆ ಸಿಂಚನಾ ಬಂದು ಬೆಲ್ ಮಾಡಿದರೆ ಬಾಗಿಲು ತೆರೆಯಲಿಲ್ಲ. ಒಳಗಿಂದ ಪುಟ್ಟತಾಯಿಯ ದನಿ: "ಎಟುಕಲ್ಲಮ್ಮ." ಮಗು ಬೀದಿಗೆ ಓಡಬಾರದೆಂದು ಬಾಗಿಲಿನ ನೆತ್ತಿಗೊಂದು ಚಿಲಕ ಹಾಕಿಸಿದ್ದವಳು ಸಿಂಚನಾಳೇ. ಎದುರುಮನೆಯವರು ಬಂದು ಬಾಗಿಲು ಒದ್ದು ಮುರಿದರು. ಗಗನ್ ಅಡುಗೆಮನೆಯ ನೆಲದ ಮೇಲಿದ್ದ. ತಲೆಯ ಕೆಳಗೆ ಮಡಿಸಿಟ್ಟ ಟವೆಲು, ಮೈಮೇಲೆ ಮಗುವಿನ ಹೊದಿಕೆ. ಫೋನು ಮುಖದ ಪಕ್ಕದಲ್ಲಿತ್ತು. ಆ ಕಾಲದ ಫೋನುಗಳು ಒಡೆಯನ ತೆರೆದ ಕಣ್ಣು ನೋಡದೆ ಬಾಯಿ ಬಿಡುತ್ತಿರಲಿಲ್ಲ; ಮಗು ತಂದು ಹಿಡಿಯುವಷ್ಟರಲ್ಲಿ ಅವನ ಕಣ್ಣು ಮುಚ್ಚಿತ್ತೇನೋ. ಬಾಗಿಲ ಹತ್ತಿರ ಸ್ಟೂಲೊಂದು ಉರುಳಿಬಿದ್ದಿತ್ತು.

"ಹಾರ್ಟು," ಎಂದರು ಡಾಕ್ಟರು. "ಬಿದ್ದ ತಕ್ಷಣ ಹೋಗಿಲ್ಲ. ಮುಕ್ಕಾಲು ಗಂಟೆಯಾದರೂ ಇದ್ದಿರಬೇಕು. ಮಾತೂ ಆಡಿರಬಹುದು."

ಸಮಾಧಾನಕ್ಕೆಂದು ಹೇಳಿದ ಮಾತು. ಆದರೆ ಆ ಮುಕ್ಕಾಲು ಗಂಟೆ ಸಿಂಚನಾಳನ್ನು ಹಿಡಿದುಕೊಂಡಿತು. ಅವನು ಏನು ಹೇಳಿದ? ತನ್ನನ್ನು ಕೇಳಿದನೇ? ಚಿಲಕ ಎಟುಕದ ಮಗುವನ್ನು ಬೈದನೇ, ಸಂತೈಸಿದನೇ? ಕೊನೆಗೆ ಯಾರ ಹೆಸರು? ಇದೆಲ್ಲ ಗೊತ್ತಿದ್ದವರು ಲೋಕದಲ್ಲಿ ಒಬ್ಬರೇ. ಆಕೆಗೆ ಎಂಟು ವರ್ಷ, ಮೂರನೇ ಕ್ಲಾಸು. ಆಕೆ ತಿಂಡಿ, ಬೆಕ್ಕು, ಗೆಳತಿಯ ಹೊಸ ಚಪ್ಪಲಿ ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದಳು. ಆ ಮಧ್ಯಾಹ್ನದ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ.

ಆಪ್ತಸಲಹೆಗಾರ್ತಿ ಸ್ಪಷ್ಟವಾಗಿ ಹೇಳಿದ್ದರು. "ಕೇಳಬೇಡಿ. ಕೇಳಿದ್ರೆ ನಿಮಗೆ ಯಾವ ಉತ್ತರ ಬೇಕೋ ಅದನ್ನ ಕೊಡುತ್ತೆ ಮಗು. ಕಥೆ ಬರೀಲಿ. ಅದರೊಳಗೆ ತಾನಾಗೇ ಬರುತ್ತೆ."

ಕಥೆ ಬರೆಯಿಸುವುದೇ ಕಸುಬಾಗಿದ್ದವಳಿಗೆ ಇದಕ್ಕಿಂತ ಬೇರೆ ಏನು ಬೇಕು? ಸಿಂಚನಾ ಮಾರನೇ ದಿನವೇ ಒಂದು ಹೂಂಗುಟ್ಟಿಯನ್ನು ಮನೆಗೆ ತಂದು ಮಗಳ ಫ್ರಾಕಿಗೆ ಸಿಕ್ಕಿಸಿದಳು.

ಮೊದಲ ಕಥೆಯನ್ನು ಅವಳು ಪಕ್ಕದ ಕೋಣೆಯ ಕರ್ಟನ್ ಹಿಂದೆ ನಿಂತು ಕೇಳಿಸಿಕೊಂಡಳು. ಪುಟ್ಟತಾಯಿ ನಾಲಿಗೆಯನ್ನು ಒಂದು ಕಡೆ ಕಚ್ಚಿಕೊಂಡು, ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳುತ್ತ ಬರೆಯುತ್ತಿದ್ದಳು.

"ಒಂದು ಗುಹೇಲಿ ಒಂದು ಆನೆ, ಒಂದು ಅಳಿಲು ಇದ್ವು."

"ಹೂಂ!" ಎಂದಿತು ಬೀಜ, ತುಪ್ಪ ಸುರಿದಂತೆ.

"ಆನೆಗೆ ಲೆಕ್ಕ ಚೆನ್ನಾಗಿ ಬರ್ತಿತ್ತು. ಒಂದಿನ ಆನೆ ಬಿದ್ದೋಯ್ತು."

"ಹೂಂ?"

"ಆನೆ ಅಳಿಲಿಗೆ ಹೇಳ್ತು..." ಪೆನ್ಸಿಲ್ ನಿಧಾನವಾಯಿತು. ಸಿಂಚನಾ ಕರ್ಟನನ್ನು ಮುಷ್ಟಿಯಲ್ಲಿ ಹಿಡಿದಳು. "ಆನೆ ಹೇಳ್ತು... ಅಳಿಲೇ..."

"ಹೂಂ," ಎಂದಿತು ಬೀಜ, ಮೂಗಿನಿಂದ.

ಪುಟ್ಟತಾಯಿ ಪೆನ್ಸಿಲಿನ ಹಿಂಬದಿಯನ್ನು ಒಂದು ಕ್ಷಣ ಕಚ್ಚಿದಳು. ಆಮೇಲೆ ಸರಸರನೆ ಬರೆದಳು: "ಆಗ ಒಂದು ಮಾಯದ ಗಿಳಿ ಬಂತು!"

"ಹೂಂ!!"

ಗಿಳಿ ಆನೆಯನ್ನು ಎಬ್ಬಿಸಿತು. ಮೂವರೂ ಪಾಯಸ ಉಂಡರು. ಮುಗಿಯಿತು.

"ಪರವಾಗಿಲ್ಲ," ಎಂದುಕೊಂಡಳು ಸಿಂಚನಾ. "ಹತ್ತಿರ ಬಂದಿದಾಳೆ."

ರೋಶಿನಿಗೆ ಈ ಕಾಯುವಿಕೆ ಸುತರಾಂ ಹಿಡಿಸಲಿಲ್ಲ. ತಟ್ಟೆಯಲ್ಲಿ ಅವರೆಕಾಯಿ ಸುಲಿಯುತ್ತ ಒಂದು ದಿನ ಆಕೆ ಬಾಯಿಬಿಟ್ಟೇಬಿಟ್ಟರು.

"ಅಲ್ಲ ಕಣೇ, ನನ್ನ ಮಗ ಕೊನೇಲಿ ಏನಂದ ಅಂತ ನನ್ನ ಮೊಮ್ಮಗಳನ್ನ ಕೇಳೋದಕ್ಕೆ ನಿನ್ನ ಮಿಷನ್ ಪರ್ಮಿಷನ್ ಬೇಕಾ?"

"ಕೇಳಬಾರದು ಅತ್ತೆ. ಕೇಳಿದ್ರೆ ಕೆಡುತ್ತೆ."

"ಏನು ಕೆಡುತ್ತೆ? ಇದೇನು ಹಾಲಾ? ಪಕ್ಕಕ್ಕೆ ಕೂರಿಸ್ಕೊಂಡು ತಲೆ ಸವರಿ, ಏನಾಯ್ತು ಬಂಗಾರ ಅಂದ್ರೆ ಹೇಳದೆ ಎಲ್ಲಿ ಹೋಗ್ತಾಳೆ?"

"ಅದು ಅವಳಾಗೇ ಹೇಳ್ಬೇಕು. ನಾವು ಬಾಯಿ ಹಾಕಬಾರದು."

"ನೀನು ಬಾಯಿ ಹಾಕಲ್ಲ. ಆ ಹುಣಸೆಬೀಜ ಹಾಕುತ್ತಲ್ಲ ಸಂಜೆಯೆಲ್ಲ, ಹೂಂ ಹೂಂ ಅಂತ ಮುದಿ ಗೂಬೆ ಹಂಗೆ!"

"ಅದು ಬರೀ ಹೂಂ ಅನ್ನುತ್ತೆ ಅತ್ತೆ. ಒಂದು ಪದವನ್ನೂ ಕೊಡಲ್ಲ," ಎಂದಳು ಸಿಂಚನಾ. ಇಂದುಧರಯ್ಯನವರ ಹಾಗೆ ತನ್ನ ಕೈಯೂ ಎದೆಗೆ ಹೋದದ್ದನ್ನು ಅವಳು ಗಮನಿಸಲಿಲ್ಲ. ರೋಶಿನಿ ಗಮನಿಸಿದರು, ಅವರೆಕಾಯಿಯ ಸಿಪ್ಪೆಯನ್ನು ಸ್ವಲ್ಪ ಜೋರಾಗಿ ಎಸೆದರು.

ಅತ್ತೆಯ ಜೊತೆ ಈ ಮಾತು ನಡೆದು ಒಂದು ವಾರವಾಗಿರಬೇಕು. ಪುಟ್ಟತಾಯಿ ಮತ್ತೆ ಆನೆಯ ಹತ್ತಿರ ಬಂದಳು. ಈ ಸಲ ಗುಹೆಗೆ ಬಾಗಿಲಿತ್ತು, ಬಾಗಿಲಿಗೆ ಚಿಲಕವಿತ್ತು. ಅಳಿಲು ಸ್ಟೂಲ್ ಹತ್ತಿ ಬಿತ್ತು.

"ಆನೆ ಹೇಳ್ತು, ಬಾ ಇಲ್ಲಿ ಕೂತ್ಕೋ, ಅಳಬೇಡ, ಏಳರ ಮಗ್ಗಿ ಹೇಳು ಅಂತ."

ಕರ್ಟನ್ ಹಿಂದೆ ಸಿಂಚನಾ ಗೋಡೆಗೆ ಒರಗಿದಳು. ಇದು ಗಗನ್. ಇದು ಗಗನ್‌ನೇ. ಮಳೆಗೆ ಕರೆಂಟು ಹೋಗಿ ಮಗು ಹೆದರಿದರೆ ಮಗ್ಗಿ ಹೇಳಿಸುತ್ತಿದ್ದ ಗಗನ್.

"ಅಳಿಲು ಹೇಳ್ತು. ಏಳೊಂದ್ಲ ಏಳು. ಏಳೆರಡ್ಲ ಹದಿನಾಲ್ಕು. ಏಳ್ಮೂರ್ಲ ಇಪ್ಪತ್ತೊಂದು." ಪೆನ್ಸಿಲ್ ಒಂದೊಂದು ಅಂಕಿಗೂ ನಿಧಾನವಾಗುತ್ತಿತ್ತು, ಏರು ಹತ್ತುವ ಗಾಡಿಯಂತೆ. "ಏಳ್ನಾಲ್ಕ್ಲ... ಏಳೈದ್ಲ... ಆಗ ಆನೆ..."

ಪೆನ್ಸಿಲ್ ನಿಂತಿತು. ಮಗುವಿನ ಉಸಿರು ಕೇಳುತ್ತಿತ್ತು. ಇನ್ನೊಂದು ಮಾತು, ಒಂದೇ ಒಂದು. ಸಿಂಚನಾ ಬಾಯಿಗೆ ಸೆರಗು ತುರುಕಿಕೊಂಡಳು. ಬಾಯಿ ಹಾಕಬಾರದು, ಬಾಯಿ ಹಾಕಬಾರದು.

"ಹೂಂ," ಎಂದಿತು ಬೀಜ. ಒಣಗಿದ, ಆಕಳಿಕೆ ಬೆರೆತ ಹೂಂ.

"...ಆಗ ಗಿಳಿ ಬಂತು," ಎಂದಳು ಪುಟ್ಟತಾಯಿ.

ಮಾರನೇ ದಿನ ಸಿಂಚನಾ ಪ್ರಯೋಗಾಲಯಕ್ಕೆ ಹಬ್ಬದ ಮುಖ ಹೊತ್ತುಕೊಂಡು ಹೋದಳು. "ಬರ್ತಾ ಇದೆ ತನ್ವೀರ್. ಮಗ್ಗಿತನಕ ಬಂತು. ಇನ್ನೊಂದೆರಡು ಸಲ ಬರೆದ್ರೆ ಪೂರ್ತಿ ಬರುತ್ತೆ." ತನ್ವೀರ್ ಖುಷಿಯಿಂದ ತನ್ನ ಡಬ್ಬಿಯ ಖಾರಾಬಾತಿನಲ್ಲಿ ಅರ್ಧ ಕೊಟ್ಟ.

ಬರಲಿಲ್ಲ. ಮುಂದಿನ ಕಥೆಯಲ್ಲಿ ಆನೆ ಮಗ್ಗಿ ಕೇಳಲಿಲ್ಲ. ಅದರ ಮುಂದಿನದರಲ್ಲಿ ಚಿಲಕವಿರಲಿಲ್ಲ. ಆಮೇಲೆ ಆನೆ ಬೀಳುವುದನ್ನೂ ಬಿಟ್ಟಿತು. ಮೋಡದ ಮೇಲೆ ಓಡಾಡತೊಡಗಿತು. ಪುಟ್ಟತಾಯಿಯ ಪೆನ್ಸಿಲ್ ಮಾತ್ರ ಬರಬರುತ್ತ ಎಷ್ಟು ಚುರುಕಾಯಿತೆಂದರೆ ಉಂಗುರವನ್ನು ಬದಲಾಯಿಸಬೇಕಾಯಿತು. ಕಾಯುವುದಕ್ಕೆ ಒಗ್ಗಿಹೋಗಿದ್ದ ಸಿಂಚನಾ ಕಾದಳು.

ನಾಲ್ಕನೇ ಕ್ಲಾಸಿನ ಪರೀಕ್ಷೆ ಬಂತು. ಪುಟ್ಟತಾಯಿಯ ಕಥೆಗೆ ಶಾಲೆಗೇ ಮೊದಲ ಸ್ಥಾನ. ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ನಿಂತು ಅವಳೇ ಓದಬೇಕು. ಸಿಂಚನಾ, ರೋಶಿನಿ ಇಬ್ಬರೂ ಮುಂದಿನ ಸಾಲಿನಲ್ಲಿ ಕೂತರು.

ಕಥೆಯಲ್ಲಿ ಈ ಸಲ ಆನೆಯೇ ಇರಲಿಲ್ಲ. ಅಪ್ಪನೇ ಇದ್ದ.

"ಅಂದು ಅಪ್ಪ ನೆಲದ ಮೇಲೆ ಮಲಗಿದ್ದರು. ಅವರ ಮುಖದಲ್ಲಿ ಶಾಂತವಾದ ನಗುವಿತ್ತು. ಅವರು ನನ್ನ ಕೈ ಹಿಡಿದು ಹೇಳಿದರು: ಕಂದಾ, ಹೆದರಬೇಡ, ನಾನು ಎಲ್ಲಿಗೂ ಹೋಗುವುದಿಲ್ಲ, ಆಕಾಶದಲ್ಲಿ ನಕ್ಷತ್ರವಾಗಿ ನಿನ್ನನ್ನು ನೋಡುತ್ತಿರುತ್ತೇನೆ. ಅಮ್ಮನನ್ನು ಚೆನ್ನಾಗಿ ನೋಡಿಕೋ..."

ಮೇಡಂಗಳೆಲ್ಲ ಮೂಗು ಒರೆಸಿಕೊಂಡರು. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದರು. ರೋಶಿನಿ ಬಿಕ್ಕಿಬಿಕ್ಕಿ ಅತ್ತರು. ವರ್ಷದಿಂದ ಕಾದದ್ದು ಕೊನೆಗೂ ಕೈಗೆ ಬಂದಂತೆ ಅತ್ತರು. ಸಿಂಚನಾಳ ಕಣ್ಣು ಒಣಗಿತ್ತು. ಗಗನ್ ತನ್ನ ಜನ್ಮದಲ್ಲಿ ಯಾರನ್ನೂ ಕಂದಾ ಎಂದವನಲ್ಲ. ಮಗಳನ್ನು ಅವನು ಕರೆಯುತ್ತಿದ್ದದ್ದು "ಲೇ ಡಬ್ಬಿ" ಎಂದು. ನಕ್ಷತ್ರಗಳು ಸುಡುವ ಅನಿಲದ ಗುಡ್ಡೆಗಳೆಂದು ಮಗಳಿಗೆ ಪಾಠ ಮಾಡುತ್ತಿದ್ದವನು ತಾನೇ ಒಂದಾಗುತ್ತೇನೆಂದು ಹೇಳುವ ಸಂಭವ ಕಡಿಮೆ.

ಅಂದು ಸಂಜೆ, ಪುಟ್ಟತಾಯಿ ಬಹುಮಾನದ ಬಟ್ಟಲಲ್ಲಿ ಚುರುಮುರಿ ಹಾಕಿಕೊಂಡು ತಿನ್ನುತ್ತಿದ್ದಾಗ, ಸಿಂಚನಾ ಪಕ್ಕದಲ್ಲಿ ಕೂತಳು. ಹೂಂಗುಟ್ಟಿಯನ್ನು ಕಿತ್ತು ಬದಿಗಿಟ್ಟಳು. ಇಷ್ಟು ದಿನ ಕೇಳದಿದ್ದದ್ದನ್ನು ಕೇಳಿದಳು.

"ಪುಟ್ಟಿ, ಅವತ್ತು ನಿಜವಾಗಿ ಅಪ್ಪ ಏನಂದ್ರು?"

"ಹೇಳಿದ್ನಲ್ಲಮ್ಮ ಸ್ಟೇಜ್ ಮೇಲೆ."

"ಅದು ಕಥೆ. ನಿಜವಾಗಿ?"

"ಅದೇ ನಿಜ. ಅಪ್ಪ ನಗ್ತಾ ಇದ್ರು. ಕಂದಾ ಹೆದರಬೇಡ ಅಂದ್ರು."

"ಮಗ್ಗಿ ಹೇಳಿಸಿದ್ರಲ್ವಾ? ಏಳರ ಮಗ್ಗಿ?"

ಪುಟ್ಟತಾಯಿ ಚುರುಮುರಿಯಲ್ಲಿ ಕಡಲೆಬೀಜ ಹುಡುಕುತ್ತ ನಕ್ಕಳು. "ಸಾಯೋವಾಗ ಯಾರಾದ್ರೂ ಮಗ್ಗಿ ಹೇಳಿಸ್ತಾರಾ? ನೀನೂ ಸರಿ."

"ನೀನು ಬಿದ್ದೆಯಲ್ಲ, ಸ್ಟೂಲಿಂದ?"

"ಅದು ಅಳಿಲು."

ಸುಳ್ಳು ಹೇಳುವ ಮಗುವಿನ ಮುಖ ಸಿಂಚನಾಳಿಗೆ ಗೊತ್ತಿತ್ತು. ಇದು ಆ ಮುಖವಲ್ಲ. ಮಗು ತನಗೆ ಗೊತ್ತಿದ್ದದ್ದನ್ನೇ ಹೇಳುತ್ತಿತ್ತು, ನೀರು ಹರಿದ ಹಾಗೆ, ಎಲ್ಲೂ ತಡೆಯದೆ.

ಮಾರನೇ ದಿನ ಅವಳು ತನ್ವೀರನ ಕುರ್ಚಿಯನ್ನು ಎಳೆದು ಅವನನ್ನು ಪರದೆಯ ಮುಂದೆ ಕೂರಿಸಿದಳು.

"ಒಣ ಹೂಂ ಯಾವಾಗ ಬರುತ್ತೆ ಹೇಳು."

"ಗೊತ್ತಲ್ಲ ಮೇಡಂ. ಪೆನ್ಸಿಲ್ ನಿಧಾನ ಆದಾಗ. ಮಗು ಸಿಕ್ಕಿಹಾಕ್ಕೊಂಡಿದೆ ಅಂತ ಅರ್ಥ. ಒಣ ಹೂಂ ಕೊಟ್ರೆ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತೆ, ಪೆನ್ಸಿಲ್ ಮತ್ತೆ ಓಡುತ್ತೆ. ಇದನ್ನ ನಾವು ಹೇಳಿಕೊಟ್ಟಿಲ್ಲ, ಅದೇ ಕಲ್ತುಕೊಂಡಿದ್ದು. ನಾವು ಅದಕ್ಕೆ ಹೇಳಿದ್ದು ಒಂದೇ: ಪೆನ್ಸಿಲ್ ನಿಲ್ಲಬಾರದು."

"ಮಗು ಸಿಕ್ಕಿಹಾಕ್ಕೊಂಡಿಲ್ಲದೇ ಇದ್ರೆ? ನಿಜವಾದದ್ದು ಬರ್ತಾ ಇರೋದ್ರಿಂದ್ಲೇ ನಿಧಾನ ಆಗಿದ್ರೆ?"

ತನ್ವೀರ್ ಪರದೆಯ ಒಂದು ಗೆರೆಯ ಮೇಲೆ ಬೆರಳಿಟ್ಟ. "ಎರಡಕ್ಕೂ ಪೆನ್ಸಿಲ್ ಒಂದೇ ತರ ನಿಧಾನ ಆಗುತ್ತಲ್ಲ ಮೇಡಂ."

"ಹಳ್ಳಿಯೋರು ಆಗ ಏನು ಮಾಡ್ತಿದ್ರು? ಕಥೆ ಹೇಳೋರು ನಿಧಾನ ಆದಾಗ?"

"ಆ ಜಾಗಗಳಲ್ಲಿ ಹೂಂ ಇರಲೇ ಇಲ್ಲ. ಬರೀ ಸದ್ದಿಲ್ಲದ ಜಾಗ. ಕೇಳೋರು ನಿದ್ದೆ ಹೋಗಿದ್ದಾರೆ ಅಂತ ಗುರುತು ಹಾಕಿ ಅಷ್ಟನ್ನೂ ತೆಗೆದುಹಾಕಿದ್ವಲ್ಲ, ಮೀಟಿಂಗಲ್ಲೇ ತೀರ್ಮಾನ ಆಗಿತ್ತು."

ತೆಗೆದುಹಾಕಿದ್ದು ಎಲ್ಲೋ ಒಂದು ಮೂಲೆಯಲ್ಲಿ ಬಿದ್ದಿತ್ತು. ಇಬ್ಬರೂ ಒಂದನ್ನು ಹಾಕಿ ಕೇಳಿದರು. ಮುದುಕಿಯ ದನಿ ತಗ್ಗುತ್ತ ತಗ್ಗುತ್ತ ಬಂತು. ಎರಡು ಮಾತಿನ ನಡುವೆ ಒಂದು ಉಸಿರಿನಷ್ಟು, ಆಮೇಲೆ ಎರಡು ಉಸಿರಿನಷ್ಟು ಸಂದು. ಕೇಳುವವರ ಕಡೆಯಿಂದ ಹೂಂ ಇಲ್ಲ. ಗೊರಕೆಯೂ ಇಲ್ಲ. ಯಾರದೋ ಬಳೆ ಒಮ್ಮೆ ಸರಿದ ಸದ್ದು. ಹೂಂಗುಟ್ಟುವುದು ಮರೆತುಹೋಗಿತ್ತು ಅವರಿಗೆ. ಉಸಿರು ಬಿಗಿಹಿಡಿದು ಕೂತಿದ್ದರು. ಆ ಮೌನದ ಮೇಲೆ ಕಾಲಿಟ್ಟುಕೊಂಡು ಮುದುಕಿ ಒಂದೊಂದೇ ಮೆಟ್ಟಿಲು ಇಳಿದು, ಹೇಳಬಾರದ್ದನ್ನು ಹೇಳಿಬಿಟ್ಟಳು: ಹೆತ್ತ ಮಗುವನ್ನು ಬರಗಾಲದಲ್ಲಿ ಯಾರಿಗೋ ಕೊಟ್ಟುಬಂದದ್ದನ್ನು. ಎಲ್ಲರೂ ರಾಣಿಯ ಕಥೆಯೆಂದು ಕೇಳತೊಡಗಿದ್ದು ಅವಳದೇ ಕಥೆಯಾಗಿತ್ತು.

"ಎಲ್ಲಾ ಹಿಂಗೇ ಇರುತ್ತಾ?" ಎಂದ ತನ್ವೀರ್, ಮೆಲ್ಲಗೆ.

"ಕೆಲವರು ನಿಜವಾಗ್ಲೂ ನಿದ್ದೆ ಹೋಗಿರ್ತಾರೆ," ಎಂದಳು ಸಿಂಚನಾ. ಅದಷ್ಟೇ ಸಮಾಧಾನ.

ಮನೆಗೆ ಹೋಗಿ ಅತ್ತೆಗೆ ಹೇಳಿದಳು. ಸ್ಟೇಜಿನ ಮೇಲೆ ಓದಿದ್ದು ನಡೆದದ್ದಲ್ಲ, ಯಂತ್ರ ತಳ್ಳಿ ತಳ್ಳಿ ಅಲ್ಲಿಗೆ ಮುಟ್ಟಿಸಿದ್ದು ಎಂದು. ಅಷ್ಟರಲ್ಲಿ ರೋಶಿನಿ ತಿಪಟೂರು, ಗುಬ್ಬಿ, ಅರಸೀಕೆರೆಯ ನೆಂಟರಿಗೆಲ್ಲ ಫೋನಿನಲ್ಲಿ ಮಗ ನಗುನಗುತ್ತ ಹೋದದ್ದನ್ನು ಹೇಳಿ ಮುಗಿಸಿದ್ದರು. ಆಕೆ ಸಿಟ್ಟಾಗಲಿಲ್ಲ.

"ಗೊತ್ತು ಕಣೇ. ಹೆತ್ತವಳು ನಾನು. ಕಂದಾ ಅನ್ನೋ ಪೈಕಿನಾ ಅವನು? ನನ್ನನ್ನೇ ರೋಶಿನಿ ಮೇಡಂ ಅಂತ ರೇಗಿಸ್ತಿದ್ದ ನನ್ಮಗ." ಫೋನನ್ನು ಬದಿಗಿಟ್ಟು ಹೇಳಿದರು: "ನಿನ್ನ ಹತ್ರ ಬೇರೆ ಇದ್ರೆ ಕೊಡು. ಇದನ್ನ ಬಿಡ್ತೀನಿ."

ಸಿಂಚನಾಳ ಹತ್ತಿರ ಇದ್ದದ್ದು ಏಳೈದರ ತನಕ ಮಾತ್ರ.

ಅವಳು ಹೂಂಗುಟ್ಟಿಯನ್ನು ತಿದ್ದಿದಳು. ಪೆನ್ಸಿಲ್ ನಿಧಾನವಾದರೆ ಬೀಜ ಏನೂ ಹೇಳಬಾರದು, ಎಷ್ಟು ಹೊತ್ತಾದರೂ ಕಾಯಬೇಕು. ತನ್ವೀರ್ ಹಗಲೆಲ್ಲ ಜೊತೆಗೆ ಕೂತ. ಇಂದುಧರಯ್ಯನವರು ಅನುಮಾನಿಸುತ್ತಲೇ ಒಂದು ಶಾಲೆಯ ಒಂದು ತರಗತಿಯಲ್ಲಿ ಹಾಕಿ ನೋಡಲು ಒಪ್ಪಿದರು. ಪರದೆಯ ಮೇಲೆ ಆ ತರಗತಿಯ ಹಸಿರು ಗೆರೆಗಳು ನಿಂತು ನಿಂತು ಸಾಗಿದವು.

ಎರಡನೇ ವಾರ ಪೋಷಕರು ಪ್ರಯೋಗಾಲಯಕ್ಕೆ ನುಗ್ಗಿದರು. ಒಬ್ಬ ಹುಡುಗ ತನ್ನ ಮನೆಯಲ್ಲಿ ತಾತನಿಗೆ ಎಲ್ಲರ ಊಟವಾದ ಮೇಲೆ, ನಾಯಿಗೂ ಆದ ಮೇಲೆ, ಅನ್ನ ಹಾಕುತ್ತಾರೆಂದು ಬರೆದಿದ್ದ. ಒಬ್ಬಳು ಅಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದನ್ನು ಬರೆದಿದ್ದಳು. ಒಳ್ಳೆಯ ಕಥೆಗಳು. ಬರೆದವರ ಮನೆಯವರಿಗೆ ಹಾಗನ್ನಿಸಿರಲಿಲ್ಲ.

"ನಿಮ್ಮ ಮಿಷನ್ ನಮ್ಮ ಮನೆ ಹಾಲ್‌ನಲ್ಲಿ ಕೂತ್ಕೊಂಡು ಏನ್ರೀ ಕ್ಯಾತೆ ತೆಗೀತಾ ಇದೆ?" ಎಂದು ತಾತನ ಮನೆಯ ಯಜಮಾನ ಮೇಜು ಗುದ್ದಿದ.

"ಅದು ಏನೂ ಮಾಡಲ್ಲ ಸಾರ್. ಮಗು ತಡೆದಾಗ ಸುಮ್ಮನೆ ಇರುತ್ತೆ, ಅಷ್ಟೇ," ಎಂದಳು ಸಿಂಚನಾ.

"ಸುಮ್ಮನೆ ಇರೋದೇ ತಪ್ಪು!"

ಇಂದುಧರಯ್ಯನವರು ಎಲ್ಲರಿಗೂ ಕಾಫಿ ತರಿಸಿದರು. ಹೋಗುವಾಗ ಒಬ್ಬೊಬ್ಬರಿಗೂ ಹಳೆಯ ಹೂಂಗುಟ್ಟಿಯನ್ನು ಡಬ್ಬಿಯಲ್ಲಿಟ್ಟು ಕೊಟ್ಟರು. ಬಾಗಿಲು ಹಾಕಿಕೊಂಡು ಬಂದು ಸಿಂಚನಾಳ ಮುಂದೆ ನಿಂತರು. ಅವರು ಕೆಟ್ಟ ಮನುಷ್ಯರಲ್ಲ.

"ನೋಡಿ ಸಿಂಚನಾ, ನೀವು ಹೇಳೋದು ಸರಿ ಅಂತ ನನಗೂ ಗೊತ್ತು. ಆದರೆ ಮಕ್ಕಳು ಕಥೆ ಬರೆಯೋದು ಕಲೀಲಿ ಅಂತ ಜನ ನಮ್ಮ ಹತ್ರ ಬಂದ್ರು. ಮಕ್ಕಳು ಮಾತಾಡೋದು ಕಲೀಲಿ ಅಂತ ಯಾರೂ ಕೇಳಲಿಲ್ಲ."

ತಿದ್ದಿದ ಬೀಜಗಳನ್ನೆಲ್ಲ ಅವತ್ತೇ ವಾಪಸು ತರಿಸಿ ಪುಡಿಮಾಡಿದರು. ಒಂದನ್ನು ಮಾತ್ರ ತನ್ವೀರ್ ಲೆಕ್ಕದಿಂದ ತಪ್ಪಿಸಿ ಸಿಂಚನಾಳ ಬ್ಯಾಗಿಗೆ ಹಾಕಿದ. "ಮನೇಲಿ ನೋಡಿ ಮೇಡಂ," ಎಂದ. ಅವಳ ಮುಖ ನೋಡಲಿಲ್ಲ.

ಆ ಸಂಜೆ ಸಿಂಚನಾ ಹೊಸ ಬೀಜವನ್ನು ಪುಟ್ಟತಾಯಿಯ ಕಾಲರಿಗೆ ಸಿಕ್ಕಿಸಿದಳು. ಕರ್ಟನ್ ಹಿಂದೆ ಹೋಗಲಿಲ್ಲ. ಎದುರಿಗೇ, ನೆಲದ ಮೇಲೆ, ಮಂಡಿ ತಬ್ಬಿಕೊಂಡು ಕೂತಳು. ಇನ್ನು ಮೇಲೆ ಮಗು ಎಲ್ಲಿ ತಡೆದರೂ, ಎಷ್ಟು ಹೊತ್ತು ತಡೆದರೂ, ಇಬ್ಬರು ಸುಮ್ಮನಿರುವವರು ಇದ್ದರು.

ಪುಟ್ಟತಾಯಿ ಬರೆದಳು. ಒಂದು ಮೊಲದ ಕಥೆ. ಮೊಲಕ್ಕೆ ಚಂದ್ರನ ಮೇಲೆ ಮದುವೆ. ಪೆನ್ಸಿಲ್ ಕಾಗದದ ಮೇಲೆ ಒಂದೇ ಹದದಲ್ಲಿ, ಹೊಲಿಗೆ ಯಂತ್ರದಂತೆ ಓಡಿತು. ಪುಟ ತಿರುಗಿತು, ಮತ್ತೆ ಓಡಿತು. ಬೀಜ ಹೂಂ ಎಂದಿತು, ಹೂಂ ಎಂದಿತು. ಸುಮ್ಮನಿರಲು ಅದಕ್ಕೆ ಒಂದು ಜಾಗವೂ ಸಿಗಲಿಲ್ಲ.

"ಮುಗೀತು," ಎಂದಳು ಪುಟ್ಟತಾಯಿ, ಬೆರಳು ಲಟಕ್ಕೆನ್ನಿಸುತ್ತ. "ಇನ್ನೊಂದು ಬರೀಲಾ?"

"ಬರಿ."

"ಯಾರ್ದು ಬರೀಲಿ?"

ಸಿಂಚನಾ ಮಂಡಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು. "ಅಪ್ಪಂದು."

ಪುಟ್ಟತಾಯಿ ಅಮ್ಮನ ಮುಖವನ್ನು, ಸಣ್ಣ ಮಕ್ಕಳನ್ನು ನೋಡುವ ಮೇಡಂಗಳ ಹಾಗೆ, ಕನಿಕರದಿಂದ ನೋಡಿದಳು.

"ಅಪ್ಪಂದು ಬರೆದಾಯ್ತಲ್ಲಮ್ಮ," ಎಂದಳು.